ಇಪ್ಪತ್ತೆರಡು ಬಂಡಿ, ಒಂದು ಸೀರೆ

ಹಳ್ಳದ ಮಲ್ಲಾಪುರ, ಮಾನ್ವಿ ತಾಲೂಕು
2 ಫೆಬ್ರುವರಿ 2025

ಮಗಳಾದ ಶೈಲಾಳಿಗೆ,

ನಿನ್ನ ಸೋದರತ್ತೆ ಬಂಡೆಮ್ಮ ಬರೆಯುತ್ತಿದ್ದೇನೆ. ಈ ಪತ್ರ ತಂದವನು ನಮ್ಮ ಓಣಿಯ ಮೌನಪ್ಪ ಮೇಸ್ತ್ರಿ. ಹೈದರಾಬಾದಿನಲ್ಲಿ ಕಟ್ಟಡದ ಕೆಲಸ ಹಿಡಿದಿದ್ದಾನೆ, ಹದಿನೈದು ದಿನಕ್ಕೊಮ್ಮೆ ಊರಿಗೆ ಬಂದು ಹೋಗುತ್ತಾನೆ. ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದವನೇ ನೇರ ನಿನ್ನ ಮನೆಗೆ ಹೋಗಬೇಕು ಎಂದು ತಾಕೀತು ಮಾಡಿದ್ದೇನೆ. ಒಂದು ಚಹಾ ಕೊಡು. ಎರಡನೆಯದು ಕೊಟ್ಟರೆ ಅವನು ಏಳುವುದಿಲ್ಲ.

ಫೋನು ಮಾಡಬಾರದೇ ಎಂದು ನೀನು ಕೇಳುತ್ತೀ. ನನ್ನ ಕಿವಿಯ ಕಥೆ ನಿನಗೆ ಗೊತ್ತು. ಫೋನು ಹಿಡಿದರೆ ಗುಂಯ್ ಎನ್ನುವುದು ಬಿಟ್ಟು ಬೇರೇನೂ ಕೇಳುವುದಿಲ್ಲ. ರಾತ್ರಿ ಶಾಲೆಯ ಮೇಷ್ಟ್ರು ಕಲಿಸಿದ ಅಕ್ಷರ ಇನ್ನೂ ಕೈಯಲ್ಲಿದೆ. ಪತ್ರ ಎಂದರೆ ಪುಸ್ತಕದ ಭಾಷೆಯಲ್ಲಿ ಬರೆಯಬೇಕು ಎಂದು ಅವರು ಹೇಳಿದ್ದರು, ಹಾಗೇ ಬರೆಯುತ್ತಿದ್ದೇನೆ. ತಪ್ಪು ಹುಡುಕಬೇಡ.

ವಿಷಯ ಇದು. ಶ್ರೀಶೈಲದ ಭ್ರಮರಾಂಬೆ ನಮ್ಮ ಮನೆಯ ಮಗಳು, ಮಲ್ಲಯ್ಯ ನಮ್ಮ ಅಳಿಯ. ಯುಗಾದಿಗೆ ಮಗಳಿಗೆ ಸೀರೆ ಕಳಿಸದ ತವರು ಎಲ್ಲಾದರೂ ಉಂಟೇ? ಮೂವತ್ತೊಂದು ವರ್ಷ ಆ ಸೀರೆಯನ್ನು ನಾನು ನಡೆದು ಮುಟ್ಟಿಸಿದ್ದೇನೆ. ನನಗಿಂತ ಮೊದಲು ಇದೇ ಮನೆಯಲ್ಲಿ ಹುಟ್ಟಿದ ನನ್ನ ಅಜ್ಜಿ ಮುಟ್ಟಿಸಿದ್ದಳು. ಮೋಟಾರು ಬಂದ ಕಾಲಕ್ಕೆ ಅವಳು ಒಂದು ಕಟ್ಟು ಹಾಕಿದಳು: ಸೀರೆಯನ್ನು ಈ ಮನೆಯಲ್ಲಿ ಹುಟ್ಟಿದ ಹೆಣ್ಣೇ ಒಯ್ಯಬೇಕು, ಅರಿಶಿನ ಹಚ್ಚಿ ಒಯ್ಯುವವಳ ಮನೆಯ ಹೊಸ್ತಿಲು ದಾಟಿದ ಮೇಲೆ ಅದು ಎಂಜಿನ್ನು ಹತ್ತಬಾರದು.

ಈ ವರ್ಷ ನನಗೆ ಬಿಡುವಿಲ್ಲ. ಗೌರಿ ಹಸು ಇವತ್ತೋ ನಾಳೆಯೋ ಈಯುವಂತಿದೆ, ಬಿಟ್ಟು ಬರಲಾರೆ. ನಿನ್ನ ತಮ್ಮ ಆನಂದಕುಮಾರ ಹೇಳುತ್ತಾನೆ, "ಅತ್ತಿ, ನನ್ನ ಟೆಂಪೋದಾಗ ಹಾಕ್ರಿ, ಏಳು ತಾಸಿನ್ಯಾಗ ಮುಟ್ಟಿಸ್ತೀನಿ." ಏಳು ತಾಸಿನಲ್ಲಿ ಮುಟ್ಟಿಸಲು ಅದೇನು ಸಿಮೆಂಟಿನ ಚೀಲವೇ? ಈ ಮನೆಯಲ್ಲಿ ಹುಟ್ಟಿದ ಹೆಣ್ಣು ನನ್ನನ್ನು ಬಿಟ್ಟರೆ ನೀನೊಬ್ಬಳೇ. ನೀನು ಒಯ್ಯದಿದ್ದರೆ ನನ್ನ ಕಾಲದಲ್ಲಿ ಇದು ನಿಂತಿತು ಎಂದಾಗುತ್ತದೆ. ಅದನ್ನು ನೆನೆದರೆ ಅನ್ನ ಇಳಿಯುವುದಿಲ್ಲ.

ಹಸಿರು ಇಳಕಲ್ ಸೀರೆ ಮೌನಪ್ಪನ ಚೀಲದಲ್ಲಿದೆ. ರೈಲಿನಲ್ಲಿ ಬಂತು ಎಂದು ಗಾಬರಿಯಾಗಬೇಡ. ಅರಿಶಿನ ಹಚ್ಚುವ ತನಕ ಅದು ಬರೀ ಅರಿವೆ.

ನಿನ್ನ ಅತ್ತೆ,
ಬಂಡೆಮ್ಮ


ಸನತ್‌ನಗರ, ಹೈದರಾಬಾದ್
11 ಫೆಬ್ರುವರಿ 2025

ಅತ್ತೆಮ್ಮನಿಗೆ,

ಮೌನಪ್ಪಣ್ಣ ಮೂರು ಚಹಾ ಕುಡಿದು ಹೋದ. ಸೀರೆಯನ್ನು ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಅದನ್ನು ಮುಟ್ಟಿದ ಕೂಡಲೇ ನಿಮ್ಮ ಸೆರಗು ಹಿಡಿದು ಊರ ಬಾಗಿಲ ತನಕ ಬರುತ್ತಿದ್ದದ್ದು ನೆನಪಾಗಿ ಅತ್ತುಬಿಟ್ಟೆ. ನನ್ನನ್ನು ಕೇಳಿದಿರಲ್ಲ, ಅಷ್ಟೇ ಸಾಕಿತ್ತು.

ಆದರೆ ನಡೆದು ಹೋಗುವಷ್ಟು ರಜೆ ಔಷಧದ ಕಾರ್ಖಾನೆಯಲ್ಲಿ ಯಾರು ಕೊಡುತ್ತಾರೆ? ಮಾತ್ರೆ ತುಂಬುವ ವಿಭಾಗದಲ್ಲಿ ಒಬ್ಬಳು ತಪ್ಪಿದರೆ ಸಾಲಿಡೀ ನಿಲ್ಲುತ್ತದೆ. ಎರಡು ದಿನ ಇದೇ ಚಿಂತೆಯಲ್ಲಿದ್ದೆ. ಭಾನುವಾರ ದಾರಿ ತಾನಾಗಿಯೇ ಎದುರು ಬಂತು.

ಇಲ್ಲಿ ಸಾಫ್ಟ್‌ವೇರ್ ಕೆಲಸದ ಕನ್ನಡ ಮಂದಿ ಒಂದು ಗುಂಪು ಕಟ್ಟಿಕೊಂಡಿದ್ದಾರೆ. ರಜೆಯ ದಿನ ಬೆಳಿಗ್ಗೆ, ತಲೆಗೆ ಚಿಪ್ಪಿನಂಥ ಟೋಪಿ ಹಾಕಿ, ಬಿಗಿಯಾದ ಚಡ್ಡಿ ತೊಟ್ಟು, ಬಂಡಿ ತೆಗೆದುಕೊಂಡು ಊರು ಸುತ್ತುತ್ತಾರೆ. ನಾನು ಮೊದಲ ಪಾಳಿಗೆ ಜೀಡಿಮೆಟ್ಲಾದ ಕಾರ್ಖಾನೆಗೆ ಹೊರಟಿದ್ದೆ. ನಾನು ದಿನವೂ ಹೋಗುವುದು ಬಂಡಿಯ ಮೇಲೆಯೇ. ಬಾಲಾನಗರದ ಏರಿನಲ್ಲಿ ಇವರೆಲ್ಲ ಏದುಸಿರು ಬಿಡುತ್ತಿದ್ದರು. ಒಂದೊಂದು ಬಂಡಿಗೆ ಮೂರು ಲಕ್ಷ ಕೊಟ್ಟವರೂ ಇದ್ದಾರಂತೆ. ಬುತ್ತಿ ಕಟ್ಟಿಕೊಂಡ ನನ್ನ ಹಳೆಯ ಲೇಡೀಸ್ ಬಂಡಿ ಅವರನ್ನೆಲ್ಲ ಹಿಂದೆ ಹಾಕಿತು. ಉಡುಪಿಯ ಹುಡುಗಿ ನಿಖಿತಾ ಹಿಂದಿನಿಂದ ಕೂಗಿದಳು, "ಅಕ್ಕಾ, ಸ್ವಲ್ಪ ನಿಲ್ಲಿ ಮಾರಾಯ್ರೆ! ನಿಮ್ಮ ಹೆಸರಾದ್ರೂ ಹೇಳಿ ಹೋಗಿ!"

ನಿಂತೆ. ಹಾಗೆ ಗೊತ್ತಾಯಿತು, ಈ ಯುಗಾದಿಗೆ ಅವರು ಬಂಡಿಗಳ ಮೇಲೆಯೇ ಶ್ರೀಶೈಲಕ್ಕೆ ಹೊರಟಿದ್ದಾರೆ. ಮೂರು ದಿನದ ಪ್ರವಾಸ. ದಾರಿಯ ಗುಡಿಗಳನ್ನು ನೋಡುವುದು, ಸಂಜೆ ಹಾಡು, ಮಾತು. ನನ್ನನ್ನೂ ಸೇರಿಸಿಕೊಳ್ಳಿ ಎಂದು ಕೇಳಿದ್ದೇನೆ.

ಅತ್ತೆಮ್ಮ, ಎಂಜಿನ್ನಿಲ್ಲ, ಪೆಟ್ರೋಲಿನ ವಾಸನೆಯಿಲ್ಲ. ಎರಡು ಗಾಲಿ, ಕಾಲಿನ ಬಲ, ಅಷ್ಟೇ. ಬಂಡಿಯ ಮೇಲೆ ಒಯ್ದರೆ ಅಜ್ಜಿಯ ಕಟ್ಟು ಮುರಿಯುವುದಿಲ್ಲ ತಾನೆ? ನೀವು ಹೂಂ ಎಂದರೆ ಮಾತ್ರ ಹೊರಡುತ್ತೇನೆ.

ನಿಮ್ಮ
ಶೈಲಾ


ಹಳ್ಳದ ಮಲ್ಲಾಪುರ
23 ಫೆಬ್ರುವರಿ 2025

ನಮ್ಮವ್ವ ಶೈಲಾ,

ಹೂಂ, ಹೂಂ, ಹೂಂ. ಮೂರು ಸಲ ಬರೆದಿದ್ದೇನೆ, ಸಾಕೇ?

ಬಂಡಿ ಎಂದು ಓದಿದ ಕೂಡಲೇ ಎದೆ ತುಂಬಿತು. ಅಜ್ಜಿಯ ಕಾಲದಲ್ಲಿ ಬಂಡಿ ಕಟ್ಟಿಕೊಂಡೇ ಹೋಗುತ್ತಿದ್ದರು, ನಾನು ಅವಳ ತೊಡೆಯ ಮೇಲೆ ಕುಳಿತು ಎರಡು ಸಲ ಹೋಗಿದ್ದೇನೆ. ಆಮೇಲೆ ಮನೆಯ ಬಂಡಿ ಹೋಯಿತು, ನಾವು ನಡೆಯತೊಡಗಿದೆವು. ಇಲ್ಲಿ ಹಳ್ಳಿಯಲ್ಲೇ ಬಂಡಿ ಕಾಣದಾಗಿರುವಾಗ ಅಷ್ಟು ದೊಡ್ಡ ಊರಿನಲ್ಲಿ ಓದಿದ ಮಂದಿ ಅದನ್ನು ಉಳಿಸಿಕೊಂಡಿದ್ದಾರಲ್ಲ! ನೀನೂ ದಿನ ಬೆಳಗಾದರೆ ಬಂಡಿಯ ಮೇಲೆ ಕಾರ್ಖಾನೆಗೆ ಹೋಗುತ್ತೀ ಎಂದು ಇಷ್ಟು ವರ್ಷ ನನಗೆ ಹೇಳಲೇ ಇಲ್ಲ. ಎಂಥ ಗಟ್ಟಿಗಿತ್ತಿ ನೀನು. ಮೂರು ಲಕ್ಷದ್ದನ್ನು ಹಿಂದೆ ಹಾಕಿದ್ದನ್ನು ಓಣಿಯವರಿಗೆಲ್ಲ ಓದಿ ಹೇಳಿದ್ದೇನೆ. ಚಡ್ಡಿಯ ವಿಷಯ ಮಾತ್ರ ಓದಲಿಲ್ಲ.

ಮೌನಪ್ಪನ ಕೈಯಲ್ಲಿ ಎರಡು ಸಾಮಾನು ಕಳಿಸಿದ್ದೇನೆ. ಒಂದು, ಅಟ್ಟದಲ್ಲಿ ಇಟ್ಟಿದ್ದ ಗೆಜ್ಜೆ ಸರಗಳು. ಹುಣಸೆ ಹುಳಿ ಹಚ್ಚಿ ತಿಕ್ಕಿದ್ದೇನೆ, ಕೊರಳಿಗೆ ಕಟ್ಟು. ಎರಡು, ಒಂದು ಸೀಸೆ ಕೀಲೆಣ್ಣೆ. ಗಾಲಿ ಕಿರುಗುಟ್ಟಿದರೆ ದೇವಿಗೆ ತವರಿನವರು ಗೊಣಗುತ್ತಾ ಬಂದರು ಎನಿಸುತ್ತದೆ.

ನನ್ನ ಮಾತು ನೆನಪಿಡು. ಏರು ಬಂದಲ್ಲಿ ಕೂತಿರಬೇಡ, ಇಳಿದು ಮಗ್ಗುಲಲ್ಲಿ ನಡೆ. ಇಳಿಜಾರಿನಲ್ಲಿ ಓಡಿಸಬೇಡ. ದುಡಿಯುವ ಜೀವಗಳಿಗೆ ಮೊದಲು ಹೊಟ್ಟೆ ತುಂಬ ಹಾಕು, ನೀರು ಕುಡಿಸು, ಬೆನ್ನು ಸವರು, ಆಮೇಲೆ ನೀನು ಉಣ್ಣು. ಅವಕ್ಕೆ ಬಾಯಿಲ್ಲ, ನಾವೇ ತಿಳಿದುಕೊಳ್ಳಬೇಕು.

ಒಟ್ಟು ಎಷ್ಟು ಬಂಡಿ ಹೊರಡುತ್ತವೆ, ತಪ್ಪದೆ ಬರೆ. ನಮ್ಮೂರ ಪಾದಯಾತ್ರೆಯವರು ಆತ್ಮಕೂರಿನ ಕಡೆಯಿಂದ ಕಾಡು ಹಾದು ಬರುತ್ತಾರೆ. ಅವರ ಅಡುಗೆ ಸಾಮಾನಿನ ಜೊತೆ ಆನಂದನ ಟೆಂಪೋ ಇರುತ್ತದೆ, ಬೇಕಾದದ್ದು ಕಳಿಸುತ್ತೇನೆ. ಗೌರಿ ಇನ್ನೂ ಈದಿಲ್ಲ.

ನಿನ್ನ ಅತ್ತೆ


ಸನತ್‌ನಗರ
9 ಮಾರ್ಚ್ 2025

ಅತ್ತೆಮ್ಮನಿಗೆ,

ನನ್ನದೂ ಸೇರಿ ಇಪ್ಪತ್ತೆರಡು ಬಂಡಿ. ಕಳಿಸುವುದು ಏನೂ ಬೇಡ, ನೀವು ದಣಿಯಬೇಡಿ.

ಗೆಜ್ಜೆ ಸರ ಕಂಡು ಎಲ್ಲರೂ ಮುಗಿಬಿದ್ದರು. "ಕೊರಳು ಅಂದ್ರೆ ಯಾವುದಕ್ಕಾ?" ಎಂದು ನಿಖಿತಾ ಬಂಡಿಯನ್ನು ಸುತ್ತಿ ಸುತ್ತಿ ನೋಡಿದಳು. ಕಡೆಗೆ ಸರ ಬಿಚ್ಚಿ ಬಂಡಿಗೆ ಎರಡೆರಡು ಗೆಜ್ಜೆಯಂತೆ ಹಂಚಿಕೊಂಡೆವು. ಕೀಲೆಣ್ಣೆ ಹಚ್ಚಿದ ಮೇಲೆ ನನ್ನ ಬಂಡಿ ಬೆಣ್ಣೆಯಾಗಿದೆ. ದುಡಿಯುವ ಜೀವಗಳಿಗೆ ಹೊಟ್ಟೆ ತುಂಬ ಹಾಕು ಎಂದದ್ದನ್ನೂ ಅವರಿಗೆ ಓದಿ ಹೇಳಿದೆ. ಸಾಫ್ಟ್‌ವೇರ್ ಮಂದಿಗೆ ಬಾಯಿಲ್ಲ ಎಂದು ನಿಮಗೆ ಯಾರು ಹೇಳಿದರೋ, ಅವರು ಬೆಳಗಿನಿಂದ ಸಂಜೆಯ ತನಕ ಮಾತಾಡುತ್ತಾರೆ! ಆದರೂ ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ನನ್ನದೇ ಎಂದು ಒಪ್ಪಿಕೊಂಡಿದ್ದೇನೆ. ಬೆನ್ನು ಮಾತ್ರ ಸವರಲಾರೆ.

ಒಂದು ತೊಡಕು ಇದೆ. ಗುಂಪಿನ ಮುಖಂಡ ಮೈಸೂರಿನ ಗೋಪಿನಾಥ, ಒಳ್ಳೆಯವರು, ಆದರೆ ಎಲ್ಲದಕ್ಕೂ ಪಟ್ಟಿ ಮಾಡುವವರು. ನನ್ನ ಬಂಡಿ ನೋಡಿ ತಲೆ ಆಡಿಸಿದರು. "ನೋಡಿ ಶೈಲಾ ಅವ್ರೇ, ನಿಮ್ಮದಕ್ಕೆ ಗೇರೇ ಇಲ್ಲ. ಘಾಟಿಯಲ್ಲಿ ಆಗಲ್ಲ. ಆಣೆಕಟ್ಟಿನ ಹತ್ರ ನೀವು, ನಿಮ್ಮ ಬಂಡಿ, ಎರಡೂ ನಮ್ಮ ಸಾಮಾನಿನ ವ್ಯಾನ್ ಹತ್ತಿಬಿಡಿ, ಮೇಲೆ ಸಿಗೋಣ." ವ್ಯಾನ್ ಹತ್ತಿದರೆ ಸೀರೆಯೂ ಹತ್ತಿದಂತೆಯೇ. ನಾನು ಹೇಳಿದೆ, "ಸರ್, ನಾ ಹತ್ತಂಗಿಲ್ರಿ." ಅವರು ನಕ್ಕರು, ಆಗ ನೋಡೋಣ ಎಂದರು. ಈ ಜಗಳ ಅಲ್ಲಿಯೇ ತೀರಬೇಕು.

ರಜೆಯ ಚಿಂತೆ ಮಾಡಬೇಡಿ, ಅದೆಲ್ಲ ಸರಿಯಾಗಿದೆ. ಹಸು ಇನ್ನೂ ಈದಿಲ್ಲವೇ? ಫೆಬ್ರುವರಿಯಿಂದ ಇವತ್ತೋ ನಾಳೆಯೋ ಎನ್ನುತ್ತಿದ್ದೀರಿ. ಡಾಕ್ಟರಿಗೆ ತೋರಿಸಿ.

ನಿಮ್ಮ
ಶೈಲಾ


ಹಳ್ಳದ ಮಲ್ಲಾಪುರ
18 ಮಾರ್ಚ್ 2025

ಶೈಲಾ,

ಮೌನಪ್ಪ ಈ ಸಲ ಹೈದರಾಬಾದಿಗೆ ಬರುವುದಿಲ್ಲವಂತೆ, ಪಾದಯಾತ್ರೆಗೆ ಹೊರಟಿದ್ದಾನೆ. ಅಂಚೆಗೆ ಹಾಕಿದರೆ ನೀನು ಹೊರಟ ಮೇಲೆ ಬಂದೀತು. ಅದಕ್ಕೇ ಅವನ ಜೇಬಿನಲ್ಲೇ ಇಟ್ಟು ಶ್ರೀಶೈಲದಲ್ಲಿ ನಿನ್ನ ಕೈಗೆ ಕೊಡು ಎಂದಿದ್ದೇನೆ. ಹಾಗಾಗಿ ಬುದ್ಧಿವಾದ ಹೇಳಿ ಫಲವಿಲ್ಲ, ಆದರೂ ಹೇಳುತ್ತೇನೆ.

ಇಪ್ಪತ್ತೆರಡು ಬಂಡಿ ಎಂದರೆ ನಲವತ್ತನಾಲ್ಕು ಎತ್ತು. ಬೇಡ ಎಂದು ನೀನು ಬಾಯಿಮಾತಿಗೆ ಬರೆದಿದ್ದೀ, ನನಗೆ ಗೊತ್ತಾಗುವುದಿಲ್ಲವೇ? ಕಾಡಿನ ದಾರಿಯಲ್ಲಿ ಅಷ್ಟು ಎತ್ತಿಗೆ ಮೇವು ಎಲ್ಲಿ ಹುಟ್ಟುತ್ತದೆ? ಮನೆಮನೆ ತಿರುಗಿ ಜೋಳದ ಕಣಕಿ, ಶೇಂಗಾ ಹೊಟ್ಟು ಕೂಡಿಸಿದ್ದೇನೆ. ಆನಂದನ ಟೆಂಪೋ ತುಂಬಿ ಹೋಯಿತು. "ಅತ್ತಿ, ಮಂದಿ ಹಾಸಿಗಿ ಎಲ್ಲಿ ಇಡ್ಲಿ?" ಎಂದು ಕೂಗಾಡಿದ. ಮಂದಿ ನೆಲದ ಮೇಲೆ ಮಲಗುತ್ತಾರೆ, ಎತ್ತು ನೆಲ ತಿನ್ನುತ್ತದೆಯೇ?

ಮೂರು ಲಕ್ಷದ ಜೋಡಿ ಎಂದರೆ ಖಿಲಾರಿಯೇ ಇರಬೇಕು. ಅಂಥದ್ದನ್ನು ನಿನ್ನ ಮುದಿ ಎತ್ತುಗಳು ಹಿಂದೆ ಹಾಕಿದವು ಎಂದರೆ ನೀನು ಚೆನ್ನಾಗಿ ಸಾಕಿದ್ದೀ. ಲೇಡೀಸ್ ಬಂಡಿ ಎಂದರೆ ಕಮಾನು ಕಟ್ಟಿದ್ದು ಎಂದು ತಿಳಿದೆ, ಸೀರೆಗೆ ಬಿಸಿಲು ತಾಗುವುದಿಲ್ಲ, ಒಳ್ಳೆಯದಾಯಿತು. ಗೇರಿಲ್ಲ ಎಂದು ಆ ಮೈಸೂರಿನವರು ಹೆದರಿಸಿದರೆ ಹೆದರಬೇಡ. ಗೇರು ಎಂದರೇನು ಎಂದು ನಮ್ಮ ಬಡಿಗೇರನನ್ನು ಕೇಳಿದೆ, ಅವನಿಗೂ ಗೊತ್ತಿಲ್ಲ. ಬಂಡಿಗೆ ಬೇಕಾದದ್ದು ನೊಗ, ಮೂಕಿ, ಕೀಲು. ಹೊಡೆಯುವವರಿಗೆ ಬೇಕಾದದ್ದು ತಾಳ್ಮೆ.

ಊರವರು ಹೊರಡುವ ಗದ್ದಲದಲ್ಲಿದ್ದಾರೆ, ನಾನು ಒಳಗೆ ಬಂದು ಕುಳಿತಿದ್ದೇನೆ. ಮೂವತ್ತೊಂದು ವರ್ಷದಲ್ಲಿ ಯಾತ್ರೆಯ ಡೊಳ್ಳಿನ ಹಿಂದೆ ನಾನು ಇಲ್ಲದೆ ಇರುವುದು ಇದೇ ಮೊದಲು. ಗೌರಿಯನ್ನು ನೋಡಿಕೊಳ್ಳಬೇಕಲ್ಲ.

ನಿನ್ನ ಅತ್ತೆ


ಮನ್ನನೂರು
28 ಮಾರ್ಚ್ 2025, ಮಧ್ಯಾಹ್ನ

ಅತ್ತೆಮ್ಮನಿಗೆ,

ಬೇವಿನ ಮರದ ನೆರಳಲ್ಲಿ ಕುಳಿತು ಬರೆಯುತ್ತಿದ್ದೇನೆ. ಇದನ್ನು ನಾಳೆ ಶ್ರೀಶೈಲದಲ್ಲಿ ನಮ್ಮೂರವರ ಕೈಗೆ ಕೊಡುತ್ತೇನೆ. ನಿಮ್ಮ ಪತ್ರ ಬರಲಿಲ್ಲ. ಮೌನಪ್ಪಣ್ಣನೂ ಬರಲಿಲ್ಲ. ಎಲ್ಲ ಕ್ಷೇಮವೇ?

ನಿನ್ನೆ ಬೆಳಗಿನ ಜಾವ ಸೀರೆಗೆ ಅರಿಶಿನ ಹಚ್ಚಿ, ನನ್ನ ಒಂದೇ ಕೋಣೆಯ ಮನೆಯ ಹೊಸ್ತಿಲು ದಾಟಿಸಿದೆ. ಗುಂಪಿನವರು ಸೇರುವುದು ಊರಾಚೆ ತುಕ್ಕುಗೂಡದಲ್ಲಿ. ಅಲ್ಲಿಯ ತನಕ ಅವರ ಬಂಡಿಗಳು ಕಾರಿನ ಬೆನ್ನೇರಿ ಬಂದವು. ನಮ್ಮ ಕಟ್ಟು ಹೊಸ್ತಿಲಿನಿಂದಲೇ ಶುರುವಲ್ಲವೇ? ಸನತ್‌ನಗರದಿಂದ ಅಲ್ಲಿಗೆ ನಾನು ಬಂಡಿಯ ಮೇಲೆಯೇ ಬಂದೆ. ಅವರು ಕೈಕಾಲು ಚಾಚಿ ವ್ಯಾಯಾಮ ಮಾಡುತ್ತಿದ್ದಾಗ ನಾನು ಆಗಲೇ ಬೆವರಿನಲ್ಲಿ ಮಿಂದು ನಿಂತಿದ್ದೆ. ಗೋಪಿನಾಥರು ಗಡಿಯಾರ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನಗೆ ಒಳಗೊಳಗೇ ಹಿಗ್ಗು.

ಕಡ್ತಾಲ, ಆಮನಗಲ್ಲು, ಕಲ್ವಕುರ್ತಿ. ಬಿಸಿಲಿಗೆ ಡಾಂಬರು ಗಾಲಿಗೆ ಅಂಟುತ್ತಿತ್ತು. ಊರೊಳಗೆ ಹಾದಾಗ ಗೆಜ್ಜೆಯ ಸದ್ದಿಗೆ ಜನ ಹೊರಗೆ ಬಂದು "ಎಕ್ಕಡಿಕಿ?" ಎಂದು, ಎಲ್ಲಿಗೆ ಎಂದು, ಕೇಳುತ್ತಿದ್ದರು. ಶ್ರೀಶೈಲ ಎಂದರೆ ಸಾಕು, ಮಜ್ಜಿಗೆ ಬರುತ್ತಿತ್ತು. ಒಬ್ಬ ಮುದುಕಿ ನನ್ನ ಬುಟ್ಟಿಯಲ್ಲಿದ್ದ ಸೀರೆಗೆ ಕುಂಕುಮ ಇಟ್ಟು ತನ್ನದೂ ಒಂದು ಡಜನ್ ಬಳೆ ಸೇರಿಸಿದಳು. ಇವತ್ತು ಉಮಾಮಹೇಶ್ವರದ ಬೆಟ್ಟ ನೋಡಿ ಬಂದೆವು. ಗೋಪಿನಾಥರು ಅದರ ಇತಿಹಾಸವನ್ನು ಹಾಳೆ ನೋಡಿ ಓದಿದರು. ನೀವು ಏನಾದರೂ ಹೇಳಿ ಎಂದು ನನಗೂ ಮೈಕು ಕೊಟ್ಟರು. ನನಗೆ ಇತಿಹಾಸ ಎಲ್ಲಿ ಗೊತ್ತು? ನೀವು ಯಾತ್ರೆ ಮುಗಿಸಿ ಬಂದಾಗ ನಿಮ್ಮ ಪಾದದ ಬೊಕ್ಕೆಗೆ ನಾನು ಬೆಣ್ಣೆ ಹಚ್ಚುತ್ತಿದ್ದದ್ದು ಹೇಳಿದೆ. ನಿಖಿತಾ ಕಣ್ಣು ಒರೆಸಿಕೊಂಡಳು.

ಈಗ ಒಂದು ನಿಜ ಹೇಳುತ್ತೇನೆ. ರಜೆ ಸರಿಯಾಗಿದೆ ಎಂದು ಬರೆದಾಗ ಅದು ಸಿಕ್ಕಿರಲಿಲ್ಲ. ನಾಲ್ಕು ವಾರ ರಜೆಯಿಲ್ಲದೆ ದುಡಿಯುತ್ತೇನೆ ಎಂದು ಒಪ್ಪಿ ಮೂರು ದಿನ ಪಡೆದಿದ್ದೇನೆ. ನೀವು ಬೇಡ ಎಂದುಬಿಟ್ಟೀರಿ ಎಂದು ಹೆದರಿ ಮುಚ್ಚಿಟ್ಟೆ.

ನಾಳೆ ಕಾಡು, ಆಮೇಲೆ ಘಾಟಿ. ತೊಡೆ ಈಗಲೇ ಕಲ್ಲಾಗಿದೆ. ವ್ಯಾನಿನ ಡ್ರೈವರ್ ನನ್ನ ಬಂಡಿಗೆ ಜಾಗ ಮಾಡಿಟ್ಟಿದ್ದಾನೆ. ನನಗೆ ಭಯವಾಗುತ್ತಿದೆ ಅತ್ತೆಮ್ಮ.

ಶೈಲಾ


ಶ್ರೀಶೈಲ
30 ಮಾರ್ಚ್ 2025, ಯುಗಾದಿ

ಅತ್ತೆಮ್ಮ,

ಮುಟ್ಟಿಸಿದೆ! ಎಂಜಿನ್ನು ಹತ್ತದೆ ಮುಟ್ಟಿಸಿದೆ! ಮೊದಲು ಇದನ್ನು ಓದಿ, ಸಂತೋಷಪಡಿ, ಆಮೇಲೆ ಮುಂದಿನದನ್ನು ಓದಿ ಬೇಕಾದಷ್ಟು ಬೈಯಿರಿ.

ನಿನ್ನೆ ಬೆಳಿಗ್ಗೆ ಆರಕ್ಕೆ ಕಾಡಿನ ಗೇಟು ತೆಗೆದರು. ಮಂಗಗಳು ರೊಟ್ಟಿಯ ಗಂಟಿಗೆ ಕೈ ಹಾಕಿದ್ದು ಬಿಟ್ಟರೆ ಕಾಡಿನಲ್ಲಿ ಏನೂ ಆಗಲಿಲ್ಲ. ಈಗಲಪೆಂಟದಿಂದ ಆಣೆಕಟ್ಟಿನ ತನಕ ಇಳಿಜಾರು. ನಿಮ್ಮ ಮಾತಿನಂತೆ ಓಡಿಸಲಿಲ್ಲ. ಕೃಷ್ಣೆಯನ್ನು ದಾಟಿದರೆ ಎದುರಿಗೆ ಏರು, ಸುತ್ತಿ ಸುತ್ತಿ ಮುಗಿಲಿಗೆ ಹೋಗುವ ಏರು. ವ್ಯಾನು ಬಾಗಿಲು ತೆರೆದು ನಿಂತಿತ್ತು.

"ಹತ್ತಿ ಶೈಲಾ ಅವ್ರೇ," ಎಂದರು ಗೋಪಿನಾಥರು. "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಗೇರಿಲ್ದೆ ಇದನ್ನ ಯಾರೂ ಹತ್ತಲ್ಲ."

"ನಾ ಹತ್ತೂದಿಲ್ರಿ ಸರ್, ನಡೀತೀನಿ. ಏರು ಬಂದಲ್ಲಿ ಇಳದು ಮಗ್ಗಲದಾಗ ನಡಿ ಅಂತ ನಮ್ಮ ಅತ್ತಿ ಹೇಳ್ಯಾರ," ಎಂದು ಇಳಿದು ತಳ್ಳತೊಡಗಿದೆ. ಅವರೆಲ್ಲ ಗೇರು ಬದಲಿಸಿ ನನ್ನನ್ನು ದಾಟಿ ಹೋದರು. ಗೆಜ್ಜೆಯ ಸದ್ದು ತಿರುವಿನ ಹಿಂದೆ ಕೇಳದಾಯಿತು. ಆಗ ಅಳು ಬಂತು, ಸುಳ್ಳು ಹೇಳುವುದಿಲ್ಲ. ಬುಟ್ಟಿಯ ಸೀರೆಯ ಮೇಲೆ ಕೈ ಇಟ್ಟು ಹೆಜ್ಜೆ ಹಾಕಿದೆ.

ಮೂರನೇ ತಿರುವಿನಲ್ಲಿ ಒಬ್ಬ ಕುಳಿತಿದ್ದ, ಕಾಲಿನ ನರ ಹಿಡಿದಿತ್ತು. ಐದನೆಯದರಲ್ಲಿ ನಾಲ್ಕು ಜನ. ಮೂರು ಲಕ್ಷದ ಬಂಡಿ ಕಲ್ಲಿಗೆ ಒರಗಿತ್ತು. ನಾನು ನಿಲ್ಲಲಿಲ್ಲ, ನಿಂತರೆ ಮತ್ತೆ ಏಳುವುದಿಲ್ಲ ಎಂದು ಗೊತ್ತಿತ್ತು. "ಬರ್ರಿ, ಕುಂದ್ರಬ್ಯಾಡ್ರಿ, ನಡೀರಿ!" ಎಂದು ಕೂಗುತ್ತಾ ಹೋದೆ. ನಿಖಿತಾ ಎದ್ದಳು. "ಅಕ್ಕ ನಡೀತಾರಾದ್ರೆ ನಂಗೇನು ದಾಡಿ!" ಎಂದು ತಳ್ಳತೊಡಗಿದಳು. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಕೊನೆಗೆ ಗೋಪಿನಾಥರೂ ಇಳಿದರು. ಇಪ್ಪತ್ತೆರಡು ಬಂಡಿ, ಇಪ್ಪತ್ತೆರಡು ಜನ ಮಗ್ಗುಲಲ್ಲಿ ನಡೆಯುತ್ತಾ, ಗೆಜ್ಜೆ ಕುಣಿಸುತ್ತಾ, ಮಲ್ಲಯ್ಯನ ಹೆಸರು ಕೂಗುತ್ತಾ ಬೆಟ್ಟ ಹತ್ತಿದೆವು. ವ್ಯಾನು ಖಾಲಿಯಾಗಿ ಹಿಂದೆ ಬಂತು. ನನ್ನ ಜೀವನದಲ್ಲಿ ನಾನು ಇಷ್ಟು ಜೋರಾಗಿ ಯಾವತ್ತೂ ಕೂಗಿರಲಿಲ್ಲ.

ಸುಂಡಿಪೆಂಟ ದಾಟಿದ ಮೇಲೆ ರಸ್ತೆಯ ಪಕ್ಕ ನಮ್ಮೂರವರ ಬಿಡಾರ. ಟೆಂಪೋ ಮುಗಿಲೆತ್ತರ ಮೇವು ಹೊತ್ತು ನಿಂತಿದೆ! ಮೌನಪ್ಪಣ್ಣ ನೀರಿನ ತೊಟ್ಟಿ ತುಂಬಿಸಿಕೊಂಡು, ನಮ್ಮ ಹಿಂದಿನ ರಸ್ತೆಯನ್ನೇ ನೋಡುತ್ತಿದ್ದಾನೆ. "ಶೈಲವ್ವ, ಎತ್ತು ಎಲ್ಲಿ ಬಿಟ್ಟಿ? ಇನ್ನೂ ಕೆಳಗ ಅದಾವೇನು?"

"ಯಾವ ಎತ್ತೋ?"

ಅವನು ಬೆವರಿನಲ್ಲಿ ತೊಯ್ದ ಪತ್ರ ತೆಗೆದು ಕೊಟ್ಟ. ಓದುತ್ತಾ ಓದುತ್ತಾ ನೆಲದ ಮೇಲೆ ಕುಳಿತುಬಿಟ್ಟೆ. ಅತ್ತೆಮ್ಮ, ಇಲ್ಲಿ ತೆಲುಗಿನವರ ಬಾಯಲ್ಲಿ ಸೈಕಲ್ಲೂ ಬಂಡಿ, ಸ್ಕೂಟರೂ ಬಂಡಿ, ಕಾರೂ ಬಂಡಿ. ಹನ್ನೊಂದು ವರ್ಷದಿಂದ ಅದೇ ನನ್ನ ನಾಲಿಗೆಗೆ ಹತ್ತಿದೆ. ನಾನು ಬರೆದದ್ದು ಸೈಕಲ್ಲು! ನಲವತ್ತನಾಲ್ಕು ಎತ್ತು ಎಂಬುದನ್ನು ಜೋರಾಗಿ ಓದಿದಾಗ ಆ ಇಪ್ಪತ್ತೊಂದು ಜನ ಮೇವಿನ ಮೇಲೆ ಬಿದ್ದು ಹೊರಳಾಡಿ ನಕ್ಕರು. ದುಡಿಯುವ ಜೀವಗಳು, ಬೆನ್ನು ಸವರುವುದು, ಎಲ್ಲದರ ಅರ್ಥ ಆಗ ಆಯಿತು.

ಆನಂದ ಮಾತ್ರ ನಗಲಿಲ್ಲ. ಹಾಸಿಗೆಯ ಜಗಳ ಅವನ ಹೊಟ್ಟೆಯಲ್ಲಿತ್ತು. "ಅಕ್ಕ, ಅತ್ತಿ ಹೂಂ ಅಂದದ್ದು ಎತ್ತಿನ ಬಂಡಿಗೆ. ನೀ ತಂದದ್ದು ಸೈಕಲ್. ಇದಕ್ಕ ಸರಪಳಿ ಐತಿ, ಹಲ್ಲಿನ ಚಕ್ರ ಐತಿ. ಇದೂ ಒಂದು ಮಷಿನ್ನೇ. ಅಜ್ಜಿ ಕಟ್ಟು ಮುರೀತು ನೋಡು."

ಎಲ್ಲರ ನಗು ನಿಂತಿತು. ಅವನ ಮಾತು ನಿಜ, ನಿಮ್ಮ ಹೂಂ ನನ್ನ ಸೈಕಲ್ಲಿಗೆ ಬಂದದ್ದಲ್ಲ. ನಾನು ಚಪ್ಪಲಿ ಬಿಚ್ಚಿ ಕಾಲು ಮುಂದೆ ಇಟ್ಟೆ. ಎರಡೂ ಅಂಗಾಲಿನಲ್ಲಿ ಬೊಕ್ಕೆ ಒಡೆದು ರಕ್ತ ಬಂದಿತ್ತು.

"ಆನಂದಾ, ಮಷಿನ್ನಿನ ಎಂಜಿನ್ ಎಲ್ಲೈತಿ ಅಂತ ಹುಡುಕಾಕತ್ತಿ ಅಲ್ಲ? ಇಲ್ಲೈತಿ ನೋಡು."

ಅವನು ನೋಡಿದ. ನಿಮ್ಮ ಪಾದಕ್ಕೆ ನಾನು ಬೆಣ್ಣೆ ಹಚ್ಚುವಾಗ ಬಟ್ಟಲು ಹಿಡಿಯುತ್ತಿದ್ದವನು ಅವನೇ. ತಲೆ ತಗ್ಗಿಸಿ ಟೆಂಪೋಕ್ಕೆ ಹೋಗಿ ಬೆಣ್ಣೆಯ ಡಬ್ಬಿ ತಂದ.

ಆಮೇಲೆ ಮೌನಪ್ಪಣ್ಣ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದ, "ಗೌರಿ ಈದದ್ದು ಕೇಳಬ್ಯಾಡ ತಂಗಿ. ಆ ಹಸ ಮಾರಿ ಎರಡು ವರ್ಷಾತು. ಅತ್ತಿ ಮಣಕಾಲು ಪೂರಾ ಹೋಗ್ಯಾದ. ಗ್ವಾಡಿ ಹಿಡದು ಅಡ್ಡಾಡ್ತಾರ." ಅಂಥ ಕಾಲಿನಲ್ಲಿ ಮನೆಮನೆ ತಿರುಗಿ ಮೇವು ಕೂಡಿಸಿದಿರೇ? ನನಗೆ ಹೇಳಬಾರದಿತ್ತೇ?

ಇವತ್ತು ಬೆಳಿಗ್ಗೆ ಸಾಲಿನಲ್ಲಿ ನಿಂತು ಪೂಜಾರಿಯ ಕೈಗೆ ಸೀರೆ ಕೊಟ್ಟೆ. ನನ್ನ ಹಿಂದೆ ಬಳೆಯ ತಟ್ಟೆ ಹಿಡಿದು ಗೋಪಿನಾಥರು, ಅವರ ಹಿಂದೆ ಇಪ್ಪತ್ತು ಸೈಕಲ್ಲಿನವರು, ಅವರ ಹಿಂದೆ ನಮ್ಮೂರವರು. "ಯಾರ ಕಡೆಯಿಂದ?" ಎಂದು ಪೂಜಾರಿ ಕೇಳಿದರು. "ಹಳ್ಳದ ಮಲ್ಲಾಪುರದ ಬಂಡೆಮ್ಮ, ತವರು ಮನಿ," ಎಂದೆ. ಆಗಲೇ ಎಲ್ಲ ನೋವೂ ಹೋಯಿತು.

ಮೇವಿನಲ್ಲಿ ಅರ್ಧವನ್ನು ನಿಜವಾಗಿ ಬಂಡಿ ಕಟ್ಟಿಕೊಂಡು ಬಂದಿದ್ದ ನಮ್ಮ ಸೀಮೆಯವರ ಎತ್ತುಗಳಿಗೆ ಹಾಕಿದೆವು. ಉಳಿದದ್ದರ ಮೇಲೆ ಸಾಫ್ಟ್‌ವೇರ್ ಮಂದಿ ಮಲಗಿದರು. ಇಷ್ಟು ಮೆತ್ತನೆಯ ಹಾಸಿಗೆ ಹೋಟೆಲಿನಲ್ಲೂ ಇರುವುದಿಲ್ಲ ಎಂದರು.

ನಾನು ಮಾಡಿದ್ದು ಸರಿಯೇ ಅತ್ತೆಮ್ಮ? ಈ ಹೂಂ ನೀವು ಹೊಸದಾಗಿ ಹೇಳಬೇಕು. ಮೊದಲಿನದು ಎತ್ತಿಗೆ ಸೇರಿದ್ದು.

ಶೈಲಾ


ಹಳ್ಳದ ಮಲ್ಲಾಪುರ
10 ಏಪ್ರಿಲ್ 2025

ಮಗಳೇ ಶೈಲಾ,

ನಿನ್ನ ಎರಡೂ ಪತ್ರಗಳನ್ನು ಓದಿದೆ. ಓಣಿಯವರ ಎದುರಿಗೇ ಜೋರಾಗಿ ಓದಿದೆ, ಚಡ್ಡಿಯ ವಿಷಯವೂ ಸೇರಿ. ಈಗ ಊರಿನಲ್ಲಿ ನನ್ನ ಹೆಸರು ನಲವತ್ತನಾಲ್ಕು ಎತ್ತಿನ ಬಂಡೆಮ್ಮ. ಅಂಗಡಿಗೆ ಯಾರನ್ನಾದರೂ ಕಳಿಸಿದರೆ, "ಎತ್ತು ಮೇವು ತಿಂದವೇನ್ರಿ?" ಎಂದು ಕೇಳಿ ಕಳಿಸುತ್ತಾರೆ. ಕೇಳಲಿ. ಇಡೀ ಸೀಮೆಯಲ್ಲಿ ಇಲ್ಲದ ಎತ್ತಿಗೆ ಮೇವು ಕಳಿಸಿದವಳು ನಾನೊಬ್ಬಳೇ.

ಗೌರಿ ಈಯಲಿಲ್ಲ, ಈಯುವುದೂ ಇಲ್ಲ. ಮೌನಪ್ಪನ ನಾಲಿಗೆಗೆ ಕೀಲು ಬಡಿಯಬೇಕು. ಆದರೆ ಅವನು ಹೇಳಿದ್ದು ನಿಜ. ನಾನು ಕೂತುಬಿಟ್ಟೆ ಎಂದು ಬರೆಯಲು ಕೈ ಬರಲಿಲ್ಲ. ಬರೆದರೆ ನೀನು ಕನಿಕರಕ್ಕೆ ಒಪ್ಪುತ್ತಿದ್ದೆ. ನನಗೆ ನೀನು ಮನಸ್ಸಿನಿಂದ ಒಪ್ಪಬೇಕಿತ್ತು.

ಕಟ್ಟು ಮುರಿಯಿತೇ ಎಂದು ಕೇಳಿದ್ದೀ. ಆನಂದ ಬಂದವನೇ, ನಿಖಿತಾ ತೆಗೆದು ಕಳಿಸಿದ್ದ ವಿಡಿಯೋಗಳನ್ನೆಲ್ಲ ತನ್ನ ಫೋನಿನಲ್ಲಿ ತೋರಿಸಿದ. ಕಿವಿ ಕೇಳದಿದ್ದರೇನು, ಕಣ್ಣಿದೆಯಲ್ಲ. ಆ ಏರಿನಲ್ಲಿ ನೀನು ಸೀರೆಯ ಮೇಲೆ ಒಂದು ಕೈ ಇಟ್ಟು ನಡೆಯುವುದನ್ನು ನೋಡಿದೆ. ಹಿಂದೆ ಅಷ್ಟು ಜನ. ನಾನು ಮೂವತ್ತೊಂದು ವರ್ಷ ಒಬ್ಬಳೇ ಒಯ್ದೆ, ನೀನು ಒಂದೇ ವರ್ಷದಲ್ಲಿ ಆ ದೇವಿಗೆ ಇಪ್ಪತ್ತೊಂದು ಜನ ತವರಿನವರನ್ನು ಹೊಸದಾಗಿ ತಂದುಕೊಟ್ಟೆ. ಎತ್ತಿನ ಬಂಡಿಯಲ್ಲಿ ಅಜ್ಜಿ ಹೋದಾಗ ದುಡಿದದ್ದು ಎತ್ತು. ಇಲ್ಲಿ ಎತ್ತೂ ನೀನೇ, ಹೊಡೆದವಳೂ ನೀನೇ. ಹೂಂ, ಶೈಲಾ. ಈ ಹೂಂ ಸೈಕಲ್ಲಿಗೆ. ಗಟ್ಟಿಯಾಗಿ ಬರೆದಿದ್ದೇನೆ, ಹಾಳೆ ಹರಿಯುವಷ್ಟು.

ನಿನ್ನ ಪಾದಕ್ಕೆ ಬೆಣ್ಣೆ ಹಚ್ಚಿದವನು ಆನಂದ ಎಂದು ತಿಳಿದು ಅವನಿಗೆ ಹೋಳಿಗೆ ಮಾಡಿ ಹಾಕಿದೆ.

ಈಗ ಮುಂದಿನ ಯುಗಾದಿಯ ಮಾತು. ಫೋನಿನಲ್ಲಿ ಇನ್ನೊಂದು ಕಂಡೆ, ನಿನ್ನ ಸೈಕಲ್ಲಿನ ಹಿಂದೆ ಒಂದು ಕಬ್ಬಿಣದ ಪೀಠ ಇದೆ. ಮೌನಪ್ಪನನ್ನು ಕೇಳಿದೆ, ಅದರ ಮೇಲೆ ಮನುಷ್ಯರು ಕೂರಬಹುದಂತೆ. ಅದಕ್ಕೊಂದು ದಿಂಬು ಕಟ್ಟಿಸು. ನಿನ್ನ ಹೊಸ್ತಿಲ ತನಕ ನಾನು ರೈಲಿನಲ್ಲಿ ಬರುತ್ತೇನೆ. ಅದರಲ್ಲಿ ತಪ್ಪಿಲ್ಲ, ಅರಿಶಿನ ಹಚ್ಚುವ ತನಕ ನಾನೂ ಬರೀ ಅರಿವೆ. ಅಲ್ಲಿಂದ ಮುಂದೆ ಸೀರೆ ನನ್ನ ಮಡಿಲಲ್ಲಿ, ನಾನು ನಿನ್ನ ಬೆನ್ನ ಹಿಂದೆ. ಗೇರಿಲ್ಲ ಎಂದು ಮೈಸೂರಿನವರು ಏನಾದರೂ ಅಂದರೆ ನನ್ನನ್ನು ಕೇಳಲು ಹೇಳು, ನನಗೆ ಹೇಗೂ ಕೇಳಿಸುವುದಿಲ್ಲ.

ಏರು ಬಂದಲ್ಲಿ ನೀನು ಇಳಿದು ಮಗ್ಗುಲಲ್ಲಿ ನಡೆ. ನಾನು ಮಾತ್ರ ಇಳಿಯುವುದಿಲ್ಲ.

ನಿನ್ನ ಅತ್ತೆ,
ಬಂಡೆಮ್ಮ